ಒಡಪಿನ ನಡುವೆ ಮಾಯವಾದ ಗಂಡ

ನಮ್ಮ ವಂಶದಲ್ಲಿ ಬಿ.ಎ. ಓದಿದವರಲ್ಲಿ ನಾನೇ ಮೊದಲಿನವಳು. ನಿಡೋಣಿಯ ನನ್ನ ತವರಿನಲ್ಲಿ ಯಾವ ಕಾರ್ಯವಿದ್ದರೂ, ಒಡಪು ಕಟ್ಟಿ ಗಂಡನ ಹೆಸರು ಹೇಳುವ ಹೊತ್ತಿಗೆ ಮೊದಲು ನನ್ನನ್ನೇ ಎಬ್ಬಿಸುತ್ತಾರೆ. ಉಳಿದವರದು ಬಾಯಿಪಾಠ, ನನ್ನದು ಸ್ವಂತ ರಚನೆ!

ಆದರೆ ಆರು ತಿಂಗಳಿಂದ ಮಾತಿನ ನಡುವೆಯೇ ಪದಗಳು ಜಾರಿಹೋಗುತ್ತಿದ್ದವು. ತಲೆಯೇ ಕೆಡುತ್ತಿದೆಯೇನೋ ಎಂಬ ಅಂಜಿಕೆಯನ್ನು ಯಾರಿಗೂ ಹೇಳಿರಲಿಲ್ಲ. ಕಷ್ಟಪಟ್ಟು ಓದಿ ತುಂಬಿಕೊಂಡ ತಲೆ. ಅದೇ ಖಾಲಿಯಾದರೆ ನನ್ನ ಬಳಿ ಉಳಿಯುವುದೇನು?

ಮೊನ್ನೆ ಅಣ್ಣನ ಮಗಳ ಕುಬಸ. ಬಸುರಿಯ ಉಡಿ ತುಂಬಿದ ಮೇಲೆ ನಾನು ಎದ್ದು ಸೆರಗು ಸರಿಮಾಡಿಕೊಂಡೆ.

“ತಿಕೋಟಾದ ದ್ರಾಕ್ಷಿ ಒಣಗಿದರೂ ಸಿಹಿ ಬಿಡೂದಿಲ್ಲ, ಮುದುಕಿ ಆದರೂ ನಾ ಇವರ ಹೆಸರ ಮರಿಯೂದಿಲ್ಲ...”

ಮರೆತಿತ್ತು.

ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಗಂಡನ ಹೆಸರು! ಮುಖ ನೆನಪಿದೆ, ಮೀಸೆ ನೆನಪಿದೆ, ಗೊರಕೆಯಂತೂ ಮರೆಯುವ ಹಾಗೇ ಇಲ್ಲ. ಮೈಯೆಲ್ಲ ಬಿಸಿಯೇರಿ ಬೆವರು ಕಿತ್ತುಕೊಂಡು ಬಂತು.

“ಹೇಳಬೇ, ಈ ವಯಸ್ಸಿನ್ಯಾಗ ನಾಚಾಕತ್ತಿಯೇನ?” ಎಂದಳು ಎದುರಿಗೆ ಕುಳಿತ ಮುದುಕಿ.

“ಫೋನ್ ಬಂದದ” ಎಂದು ಹಿತ್ತಲಿಗೆ ಓಡಿದೆ. ಫೋನಿನಲ್ಲಿಯೂ ‘ಮನಿಯವರು’ ಎಂದೇ ಇದೆ. ವಿಜಯಪುರದಲ್ಲಿದ್ದ ಅವರಿಗೇ ಹಚ್ಚಿದೆ.

“ನಿಮ್ಮ ಪೂರ್ತಿ ಹೆಸರೇನ್ರಿ?”

“ಯಾರ ಮಾತಾಡೋದು?”

“ನಾನರಿ, ನಿಮ್ಮ ಹೆಂಡ್ತಿ. ಲಗೂ ಹೇಳ್ರಿ.”

“ನನ್ನ ಹೆಂಡ್ತಿಗೆ ನನ್ನ ಹೆಸರ ಗೊತ್ತಿಲ್ಲೇನ? ಆಕಿ ಧ್ವನಿ ಮಾಡಿ ಮೋಸ ಮಾಡ್ತೀಯಾ? ಓಟಿಪಿ ಕೊಡಂಗಿಲ್ಲ!”

ಇಟ್ಟೇಬಿಟ್ಟರು. ಮತ್ತೆ ಹಚ್ಚಿದರೆ ಎತ್ತಲೇ ಇಲ್ಲ.

ಹುಡುಕಿಕೊಂಡು ಬಂದ ವೈನಿ, ಅಂದರೆ ಅಣ್ಣನ ಹೆಂಡತಿ, ಎಮ್ಮೆಯ ಪಕ್ಕ ನಿಂತು ಅಳುತ್ತಿದ್ದ ನನ್ನನ್ನು ನೋಡಿದಳು. ಎಲ್ಲವನ್ನೂ ಹೇಳಿದೆ.

“ಮುಟ್ಟ ನಿಂತು ಎಷ್ಟ ದಿನಾತು?”

“ಒಂಬತ್ತ ತಿಂಗಳಾತು.”

“ಮತ್ತ! ನಾನೂ ಚರಗಿ ಕೈಯಾಗ ಹಿಡಕೊಂಡ ಚರಗಿ ಹುಡುಕ್ತಿದ್ದೆ. ಮುಟ್ಟ ನಿಲ್ಲೂ ಹೊತ್ತಿನ್ಯಾಗ ಭಾಳ ಮಂದಿಗೆ ಮರವು ಬರ್ತದ, ನಿದ್ದಿ ಕೆಟ್ರ ಇನ್ನಷ್ಟು ಅಂತ ಡಾಕ್ಟರಬಾಯಿ ಹೇಳಿದ್ರು. ನಂದು ಬರ್ತಾ ಬರ್ತಾ ಸರಿಯಾತು. ನೀನೂ ಒಮ್ಮೆ ತೋರಿಸ್ಕೊ. ನಿನ್ನ ಗಂಡನ ಹೆಸರ ಚಂದ್ರಶೇಖರ. ಕಣ್ಣ ಒರಸ್ಕೊ, ನಡಿ.”

ಸಾಲಿಯ ಮೆಟ್ಟಿಲು ಹತ್ತದ ವೈನಿ ಐದು ನಿಮಿಷದಲ್ಲಿ ಹೇಳಿದ್ದನ್ನು ನನ್ನ ಬಿ.ಎ. ಆರು ತಿಂಗಳಾದರೂ ಹೇಳಿರಲಿಲ್ಲ. ಒಳಗೆ ಹೋಗಿ ಒಡಪು ಮುಗಿಸಿದೆ.

ಮರುದಿನವೇ ವಿಜಯಪುರಕ್ಕೆ ಮರಳಿ, ಗಾಂಧಿ ಚೌಕದ ಹತ್ತಿರದ ಹೆಂಗಸರ ದವಾಖಾನೆಗೆ ಹೊರಟೆ. ಮತ್ತೆ ಮರೆಯಬಾರದೆಂದು ಆಟೋದಲ್ಲಿ ಉದ್ದಕ್ಕೂ ಹೆಸರನ್ನು ಜಪ ಮಾಡಿದೆ. ಚೀಟಿ ಬರೆಯುತ್ತಿದ್ದ ನರ್ಸ್ ತಲೆಯೆತ್ತದೆ “ಹೆಸರ?” ಎಂದಳು.

“ಚಂದ್ರಶೇಖರ” ಎಂದೆ, ಎದೆಯುಬ್ಬಿಸಿ.

ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗಿನ ತನಕ ನೋಡಿದಳು.

“ಗಂಡಸರಿಗೆ ಇಲ್ಲಿ ನೋಡಂಗಿಲ್ಲರಿ.”