ಚಿಕ್ಕಪ್ಪನ ಚೌಕಗಳು

ನಮ್ಮ ಚಿಕ್ಕಪ್ಪನಂಥ ಸಾಧು ಮನುಷ್ಯ ಇಡೀ ತುಮಕೂರಿನಲ್ಲಿ ಇನ್ನೊಬ್ಬರಿರಲಿಲ್ಲ, ಅವರ ಕೈಗೆ ಕತ್ತರಿ ಸಿಗದಿದ್ದರೆ! ಸಿಕ್ಕಿತೋ, ಮುಗಿಯಿತು. ಗೋಡೆಯ ಕ್ಯಾಲೆಂಡರು, ಮದುವೆಯ ಕರೆಯೋಲೆ, ಹೊಸ ಅಂಗಿಯ ಜೊತೆ ಬಂದ ರಟ್ಟು, ತಟ್ಟೆಯಲ್ಲಿದ್ದ ಚಪಾತಿ, ಯಾವುದಕ್ಕೂ ಉಳಿಗಾಲವಿರಲಿಲ್ಲ. ಬೀಡಿ, ಇಸ್ಪೀಟು, ನಶ್ಯ ಮುಂತಾಗಿ ಗಂಡಸರಿಗೆ ಇರಬಹುದಾದ ಮರ್ಯಾದಸ್ಥ ಚಟಗಳೊಂದೂ ಅವರಿಗಿರಲಿಲ್ಲ. ಇದ್ದದ್ದು ಒಂದೇ. ಒಂದು ಆಕಾರವನ್ನು ತುಂಡು ಮಾಡಿ, ಅವೇ ತುಂಡುಗಳಿಂದ ಇನ್ನೊಂದು ಆಕಾರ ಕಟ್ಟುವುದು. ತ್ರಿಕೋನ ಸಿಕ್ಕರೆ ಚೌಕ ಮಾಡಬೇಕು. ಕೂಡುವ ಚಿಹ್ನೆ ಸಿಕ್ಕರೆ ಅದನ್ನೂ ಚೌಕ ಮಾಡಬೇಕು. ಚೌಕವೇ ಸಿಕ್ಕಿಬಿಟ್ಟರೆ? ಅದನ್ನು ತ್ರಿಕೋನ ಮಾಡಬೇಕು! ಇದರಿಂದ ಯಾರಿಗೇನು ಉಪಯೋಗ ಎಂದು ಕೇಳಿದವರನ್ನು ಅವರು ಬಹಳ ಕರುಣೆಯಿಂದ ನೋಡುತ್ತಿದ್ದರು.

"ಒಂದು ತುಂಡು ಮಿಕ್ಕಬಾರ್ದು, ಒಂದು ತೂತು ಉಳೀಬಾರ್ದು. ಇಂಥಾ ನ್ಯಾಯ ಲೋಕದಲ್ಲಿ ಇನ್ನೆಲ್ಲೈತೆ ಹೇಳವ್ವ?" ಎಂದು ನನ್ನನ್ನೇ ಕೇಳುತ್ತಿದ್ದರು.

ನಾನು ಏನು ಹೇಳಲಿ? ಚೇಳೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಕಾಲೇಜು ಓದಲು ತುಮಕೂರಿಗೆ ಬಂದು, ಸದಾಶಿವನಗರದ ಅವರ ಮನೆಯಲ್ಲಿ ಉಂಡುಕೊಂಡಿದ್ದವಳು ನಾನು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಚಿಕ್ಕಪ್ಪ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಅವರಿಗೆ ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಚಿಕ್ಕಮ್ಮ, ನಾನು, ಮತ್ತು ಎಲ್ಲೆಂದರಲ್ಲಿ ಕಾಲಿಗೆ ಚುಚ್ಚುವ ರಟ್ಟಿನ ಚೂರುಗಳು. ಕಸ ಗುಡಿಸುವಾಗ ಒಂದು ಚೂರು ಕಳೆದರೆ ಚಿಕ್ಕಪ್ಪ ತಿಪ್ಪೆಯವರೆಗೂ ಹೋಗಿ ಹುಡುಕಿ ತರುತ್ತಿದ್ದರು. ಅಕ್ಕಪಕ್ಕದವರು ಏನೋ ಒಡವೆ ಬಿದ್ದುಹೋಗಿರಬೇಕೆಂದು ತಾವೂ ಬಂದು ಕೆದಕುತ್ತಿದ್ದರು!

ಈ ಚಟದಿಂದಲೇ ಅವರಿಗೆ ಹೆಂಡತಿ ಸಿಕ್ಕಿದ್ದು ಎಂದರೆ ನೀವು ನಂಬಲಿಕ್ಕಿಲ್ಲ. ಕುಣಿಗಲ್ಲಿಗೆ ಹೆಣ್ಣು ನೋಡಲು ಹೋದಾಗ ಆ ಮನೆಯ ಹಜಾರಕ್ಕೆ ಕೆಂಪು ಕಪ್ಪು ಬಿಲ್ಲೆ ಹಾಸಿದ್ದರಂತೆ. ಚಿಕ್ಕಪ್ಪ ಕೂತಲ್ಲಿಂದ ನೆಲ ನೋಡಲು ಶುರು ಮಾಡಿದವರು ತಲೆಯೆತ್ತಲಿಲ್ಲ. ಉಪ್ಪಿಟ್ಟು ಬಂತು, ನೆಲ ನೋಡಿಕೊಂಡೇ ತಿಂದರು. ಹುಡುಗಿ ಬಂದು ಹಾಡಿ ಎದ್ದು ಹೋದಳು, ಆಗಲೂ ನೆಲ. ಹೆಣ್ಣಿನ ಕಡೆಯವರಿಗೆ ಕಣ್ಣಲ್ಲಿ ನೀರೇ ಬಂತಂತೆ. ಎಂಥ ಸಂಕೋಚ, ಎಂಥ ವಿನಯ! ಈ ಕಾಲದಲ್ಲೂ ಇಂಥ ಹುಡುಗರಿದ್ದಾರೆಯೇ? ಮಾತುಕತೆ ಅಲ್ಲೇ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮಜ್ಜಿ ಕೇಳಿದರು, "ಹುಡ್ಗಿ ಹೆಂಗವಳ್ಲಾ?"

"ಚೆನ್ನಾಗೈತೆ ಕಣವ್ವ. ಆದ್ರೆ ಬಾಗಿಲ ಹತ್ರ ಒಂದು ಉಲ್ಟಾ ಕೂರಿಸವ್ರೆ."

ಚಿಕ್ಕಮ್ಮ ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ಕೊನೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. "ನನ್ನ ನೋಡಕ್ಕೆ ಬಂದು ನಮ್ಮಪ್ಪನ ಮನೆ ನೆಲ ಒಪ್ಕೊಂಡು ಹೋದ ಗಂಡು ಕಣ್ರೀ ಇದು! ನೆಲಾನೇ ಕಟ್ಕೋಬಹುದಿತ್ತು, ನನ್ನನ್ಯಾಕೆ ತಂದ್ರು?" ಕೇಳಿದವರು ನಗುತ್ತಿದ್ದರು. ಚಿಕ್ಕಮ್ಮ ನಗುತ್ತಿರಲಿಲ್ಲ.

ನಗುವಂಥದ್ದು ಅವರಿಗೇನಿತ್ತು? ತವರಿನಿಂದ ಬಂದ ಜಮಖಾನದ ಗತಿಯನ್ನೇ ನೋಡಿ. ಒಳ್ಳೆಯ ದಪ್ಪ ಜಮಖಾನ, ಪಂಕ್ತಿಗೆ ಹಾಸುವಂಥದ್ದು, ಉದ್ದಕ್ಕಿತ್ತು. ನಮ್ಮ ನಡುಮನೆ ಚೌಕವಾಗಿತ್ತು. ಹಾಸಿದರೆ ಎರಡು ಪಕ್ಕ ನೆಲ ಕಾಣುವುದು, ಒಂದು ತುದಿ ಗೋಡೆ ಹತ್ತಿ ನಿಲ್ಲುವುದು. ಒಂದು ಭಾನುವಾರ ಚಿಕ್ಕಮ್ಮನೂ ನಾನೂ ಸಂತೆಗೆ ಹೋಗಿ ಬರುವಷ್ಟರಲ್ಲಿ ಜಮಖಾನ ಎರಡು ತುಂಡಾಗಿ ಮಲಗಿತ್ತು. ನೆಟ್ಟಗೆ ಕತ್ತರಿಸಿದ್ದರೆ ಹೇಗೋ ಸಹಿಸಬಹುದಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದರು! ಚಿಕ್ಕಮ್ಮ ಬ್ಯಾಗನ್ನು ಹಿಡಿದುಕೊಂಡೇ ಬಾಗಿಲಲ್ಲಿ ಕುಸಿದು ಕೂತರು. ಟೊಮೆಟೊಗಳು ಉರುಳಿಕೊಂಡು ಬೀದಿಗೆ ಹೋದವು.

"ತಡಿ ಕಣೇ, ತಡಿ" ಎಂದು ಚಿಕ್ಕಪ್ಪ ಉತ್ಸಾಹದಿಂದ ಒಂದು ತುಂಡನ್ನು ಒಂದು ಮೆಟ್ಟಿಲು ಕೆಳಗೆ ಜರುಗಿಸಿದರು. ಏನು ಹೇಳಲಿ! ಮೆಟ್ಟಿಲಿಗೆ ಮೆಟ್ಟಿಲು ಕಚ್ಚಿಕೊಂಡು, ಉದ್ದದ ಜಮಖಾನ ಸಾಕ್ಷಾತ್ ಚೌಕವಾಗಿ, ಗೋಡೆಯಿಂದ ಗೋಡೆಗೆ ಕೂತುಬಿಟ್ಟಿತು. ಒಂದು ಚೂರು ಮಿಕ್ಕಲಿಲ್ಲ. ಬರೀ ಅದರ ಮೇಲಿದ್ದ ನವಿಲುಗಳು ಮಾತ್ರ ತಲೆ ಒಂದು ಕಡೆ, ಬಾಲ ಒಂದು ಕಡೆ ಆಗಿದ್ದವು.

ಚಿಕ್ಕಮ್ಮ ಕೂತಲ್ಲಿಂದಲೇ ಸಣ್ಣ ದನಿಯಲ್ಲಿ ಕೇಳಿದರು, "ನಾಳೆ ಯಾರಾದ್ರೂ ಊಟಕ್ಕೆ ಬಂದ್ರೆ ಸಾಲಾಗಿ ಕೂರ್ಸೋದು ಹೆಂಗೆ?"

"ಅದಕ್ಕೇನಂತೆ! ಒಂದು ಮೆಟ್ಲು ಮೇಲಕ್ಕೆ ಜರುಗಿಸಿದ್ರೆ ಮತ್ತೆ ಉದ್ದ ಆಯ್ತದೆ!"

ಆ ವಾರ ನಮಗೆ ಸಾರಿಗೆ ಉಪ್ಪಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದು ಒಂದು ಮನೆಯ ಸಂಕಟವಾಗಿರುತ್ತಿತ್ತು. ಚಿಕ್ಕಪ್ಪ ನಮ್ಮ ಇಡೀ ವಂಶವನ್ನೇ ತಮ್ಮ ಆಟಕ್ಕೆ ಸೇರಿಸಿಕೊಂಡದ್ದು ಹೊಲದ ಪಾಲಿನ ಸಮಯದಲ್ಲಿ. ನಮ್ಮಪ್ಪ ಹಿರಿಯರು, ಅವರಿಗೆ ಮೂವರು ತಮ್ಮಂದಿರು. ಊರಿನ ರಾಗಿ ಹೊಲ ವಿಚಿತ್ರವಾಗಿತ್ತು. ದೊಡ್ಡ ಚೌಕದ ಒಂದು ಮೂಲೆಯಿಂದ ಕಾಲು ಭಾಗದಷ್ಟು ಸಣ್ಣ ಚೌಕವೊಂದನ್ನು ಕಿತ್ತುಕೊಂಡ ಹಾಗೆ. ಆ ಕಿತ್ತ ಮೂಲೆ ಪಕ್ಕದ ಗೌಡರದು. ಅವರಿಗೂ ನಮಗೂ ಬದುವಿನ ಕಲ್ಲಿನ ವಿಷಯಕ್ಕೆ ಅಜ್ಜನ ಕಾಲದಿಂದಲೂ ಮಾತಿಲ್ಲ. ಈ ಮೊಣಕೈಯಂಥ ಹೊಲವನ್ನು ನಾಲ್ವರಿಗೆ ಸಮನಾಗಿ ಹಂಚುವುದು ಹೇಗೆಂದು ಹಿರಿಯರು ಜಗಲಿಯ ಮೇಲೆ ತಲೆ ಕೆಡಿಸಿಕೊಂಡು ಕೂತಿದ್ದಾಗ ಚಿಕ್ಕಪ್ಪ ರಟ್ಟಿನ ಹೊಲವೊಂದನ್ನು ಜೇಬಿನಿಂದ ತೆಗೆದರು.

"ನೋಡ್ರಪ್ಪ, ನಾಲ್ಕು ಪಾಲು. ನಾಲ್ಕೂ ಒಂದೇ ಅಳತೆ. ಅಳತೆ ಬುಡಿ, ಆಕಾರಾನೂ ಒಂದೇ! ದೊಡ್ಡ ಹೊಲ ಹೆಂಗೈತೋ ಹಂಗೇ ನಾಲ್ಕು ಮರಿ ಹೊಲ!"

ನಿಜವೇ! ಮೊಣಕೈ ಹೊಲದೊಳಗೆ ನಾಲ್ಕು ಪುಟ್ಟ ಮೊಣಕೈಗಳು ಒಂದನ್ನೊಂದು ತಬ್ಬಿಕೊಂಡು ಕೂತಿದ್ದವು. ಮೂರು ಮೂಲೆಗೆ ಮೂರು, ನಡುವೆ ಒಂದು. ಜಗಲಿಯ ಮೇಲಿದ್ದವರೆಲ್ಲ ತಲೆದೂಗಿದರು. ಇಂಥ ಪಾಲು ಗುಬ್ಬಿ ತಾಲೂಕಿನಲ್ಲೇ ಆಗಿಲ್ಲವೆಂದು ಒಬ್ಬರು ಹೊಗಳಿದರು. ಅಲ್ಲೇ ಚೀಟಿ ಎತ್ತಿಸಿದರು. ನಡುವಿನ ಪಾಲು ಚಿಕ್ಕಪ್ಪನಿಗೇ ಬಂತು. ಅವರ ಸಂತೋಷ ನೋಡಬೇಕಿತ್ತು. "ನಡುವಿಂದು ಕಣೇ! ಎಲ್ಲಾನೂ ಹಿಡ್ಕೊಂಡಿರೋದೇ ಅದು!"

ಬಾಗಿಲ ಸಂದಿಯಿಂದ ಚಿಕ್ಕಮ್ಮನ ದನಿ ಬಂತು. "ಅಲ್ಲಿಗೆ ಹೋಗೋದು ಹೆಂಗೆ?"

ಎಲ್ಲರೂ ಬಗ್ಗಿ ರಟ್ಟು ನೋಡಿದರು. ನಡುವಿನ ಪಾಲಿಗೆ ಮೂರು ಕಡೆಯೂ ಅಣ್ಣತಮ್ಮಂದಿರ ಪಾಲು. ಉಳಿದ ಒಂದು ಮಗ್ಗುಲಿಗೆ, ಮಾತಿಲ್ಲದ ಗೌಡರ ಜಮೀನು! ಎತ್ತು, ನೇಗಿಲು, ಗೊಬ್ಬರದ ಗಾಡಿ ಎಲ್ಲವೂ ಮೇಲಿನಿಂದಲೇ ಇಳಿಯಬೇಕು.

"ಹೆಲಿಕಾಪ್ಟರ್ ತೆಗ್ದುಕೊಡ್ರೀ, ಕಳೆ ಕಿತ್ತು ಬರ್ತೀನಿ" ಎಂದು ಚಿಕ್ಕಮ್ಮ ಒಳಗೆ ಹೋದರು. ದಾರಿಗೆ ಜಾಗ ಬಿಡಬೇಕೆಂದು ಒಬ್ಬ ತಮ್ಮ ಎಂದ, ತನ್ನದರಲ್ಲಿ ಬಿಡುವುದಿಲ್ಲವೆಂದು ಇನ್ನೊಬ್ಬ ಎಂದ. ದಾರಿ ಬಿಟ್ಟರೆ ಆಕಾರ ಕೆಡುತ್ತದೆಂದು ಚಿಕ್ಕಪ್ಪನೇ ಎಲ್ಲರಿಗಿಂತ ಜೋರಾಗಿ ಕೂಗಾಡಿದರು. ಕೊನೆಗೆ ನಮ್ಮಜ್ಜಿ ಎದ್ದು ಬಂದು ಆ ರಟ್ಟನ್ನು ಎತ್ತಿ ಒಲೆಗೆ ಹಾಕಿದರು. "ನಾ ಸಾಯೋಗಂಟ ಯಾರೂ ಪಾಲು ಕೇಳ್ಬೇಡಿ ಕಣ್ರಲಾ!" ಚಿಕ್ಕಪ್ಪ ಉರಿಯುತ್ತಿದ್ದ ರಟ್ಟನ್ನು ನೋಡುತ್ತ ನಿಂತಿದ್ದರು. ಹೊಲ ಹೋದವರ ಮುಖವೂ ಹಾಗೆ ಇರುವುದಿಲ್ಲ.

ಆದರೆ ಅವರನ್ನು ನಿಜವಾಗಿ ಮುರಿದದ್ದು ಗುಬ್ಬಿಯ ಒಂದು ಮದುವೆ. ಊಟದ ಸರದಿಗೆ ಕಾಯುತ್ತಿದ್ದಾಗ ನಿವೃತ್ತ ಮೇಷ್ಟರೊಬ್ಬರು ಚಿಕ್ಕಪ್ಪನಿಗೆ ಒಂದು ಸಮಸ್ಯೆ ಕೊಟ್ಟರು. ಚದುರಂಗದ ಮಣೆಯ, ಓರೆಯಾಗಿ ಎದುರುಬದುರಾದ ಎರಡು ಮೂಲೆಯ ಮನೆಗಳನ್ನು ಕತ್ತರಿಸಿ ಹಾಕಬೇಕು. ಉಳಿದ ಮಣೆಯನ್ನು, ಎರಡೆರಡು ಮನೆ ಮುಚ್ಚುವಂಥ ಬಿಲ್ಲೆಗಳಿಂದ ಪೂರ್ತಿ ಮುಚ್ಚಬೇಕು. "ಇಷ್ಟೇನಾ?" ಎಂದು ನಕ್ಕ ಚಿಕ್ಕಪ್ಪ ಆಮೇಲೆ ಬಹಳ ಕಾಲ ನಗಲಿಲ್ಲ. ಕಾರ್ತಿಕ ಹೋಗಿ ಸಂಕ್ರಾಂತಿ ಬಂದರೂ ಬಿಲ್ಲೆ ಜೋಡಿಸುತ್ತಲೇ ಇದ್ದರು. ಪ್ರತಿಸಲವೂ ಕೊನೆಗೆ ಎರಡು ಮನೆ ಉಳಿದು, ಅಣಕಿಸುವ ಹಾಗೆ ದೂರ ದೂರ ನಿಲ್ಲುತ್ತಿದ್ದವು. ಗಡ್ಡ ಬೆಳೆಯಿತು. ಕಾರ್ಖಾನೆಯಲ್ಲಿ ಬೋಲ್ಟು ಕೇಳಿದವರಿಗೆ ನಟ್ಟು ಕೊಟ್ಟು ಬೈಸಿಕೊಂಡರು. ಬಚ್ಚಲಿಗೆ ಹೋದವರು ನೀರು ಹೊಯ್ದುಕೊಳ್ಳದೆ ಹಾಗೇ ಈಚೆ ಬರುತ್ತಿದ್ದರು.

ಕೊನೆಗೆ ತಡೆಯಲಾರದೆ ಗುಬ್ಬಿಗೆ ಬಸ್ಸು ಹತ್ತಿ ಮೇಷ್ಟರ ಮನೆಗೇ ಹೋದರು. ಜೊತೆಗೆ ನನ್ನನ್ನೂ ಕಳಿಸಿದ್ದರು ಚಿಕ್ಕಮ್ಮ, ದಾರಿಯಲ್ಲಿ ಎಲ್ಲಾದರೂ ಇಳಿದುಬಿಟ್ಟಾರೆಂದು. ಮೇಷ್ಟರು ಪಂಚೆ ಕೊಡವಿಕೊಂಡು ಹೊರಗೆ ಬಂದರು.

"ಇನ್ನೂ ಮಾಡ್ತಿದೀಯೇನಯ್ಯ? ಅದು ಆಗಲ್ಲ ಕಣೋ! ಒಂದೊಂದು ಬಿಲ್ಲೆಗೂ ಒಂದು ಕಪ್ಪು ಮನೆ, ಒಂದು ಬಿಳೀ ಮನೆ ಬೇಕು. ಓರೆಯಾಗಿ ಎದುರುಬದುರು ಮೂಲೇಲಿರೋ ಎರಡೂ ಒಂದೇ ಬಣ್ಣ. ಅವೆರಡನ್ನೂ ಕಿತ್ತು ಎಸೆದ ಮೇಲೆ ಜೋಡಿ ಎಲ್ಲಿಂದ ಬರ್ತದೆ? ಜನ್ಮವೆಲ್ಲ ಕೂತ್ರೂ ಆಗಲ್ಲ. ಆಗಲ್ಲ ಅನ್ನೋದೇ ಉತ್ತರ."

ಕೊಟ್ಟ ಕಾಫಿಯನ್ನೂ ಚಿಕ್ಕಪ್ಪ ಕುಡಿಯಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಿದ್ದರು. ಹೆಗ್ಗೆರೆ ದಾಟಿದ ಮೇಲೆ ಒಂದೇ ಮಾತು, "ಆಗಲ್ವಂತೆ ಕಣವ್ವ." ಯಾರೋ ಸತ್ತ ಸುದ್ದಿ ಹೇಳುವ ಹಾಗೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ನನ್ನ ಓದು ಮುಗಿದು, ಮದುವೆಯಾಗಿ, ನಾನು ಗುಬ್ಬಿಯಲ್ಲೇ ಸಂಸಾರ ಹೂಡಿದೆ. ಎಂಬತ್ತರ ದಶಕದ ನಡುವಿನಲ್ಲಿ ಒಂದು ಬೆಳಗ್ಗೆ ಚಿಕ್ಕಮ್ಮ ಹಾಲು ಕಾಯಿಸುತ್ತ ನಿಂತಲ್ಲೇ ಬಿದ್ದರು. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು ಹೇಳಿದರಂತೆ, ಕೈಗೆ ಕೆಲಸ ಕೊಡುತ್ತಿರಬೇಕು, ಬೆರಳಾಡಿಸಲು ಪ್ರಯತ್ನಿಸುತ್ತಿರಬೇಕು, ಬಂದರೆ ಬಂದೀತು. ಚಿಕ್ಕಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ರಬ್ಬರ್ ಚೆಂಡು ಕೊಟ್ಟರೆ ಅದು ಉರುಳಿ ಮಂಚದ ಕೆಳಗೆ ಹೋಗುತ್ತಿತ್ತು. ಅವರ ಕಣ್ಣು ಅದರ ಹಿಂದೆಯೂ ಹೋಗುತ್ತಿರಲಿಲ್ಲ.

ನಾನು ನೋಡಲು ಹೋದಾಗಲೆಲ್ಲ ಆ ಮನೆ ಎದೆಗೆ ಒತ್ತುತ್ತಿತ್ತು. ನೆಲದ ಮೇಲೆ ಒಂದು ರಟ್ಟಿನ ಚೂರಿಲ್ಲ. ಚಿಕ್ಕಪ್ಪ ಕೆಲಸ ಬಿಟ್ಟು ಮನೆಯಲ್ಲೇ ಇದ್ದರು, ಗಂಜಿ ಕಾಯಿಸುತ್ತಿದ್ದರು, ಹೆಂಡತಿಗೆ ತಲೆ ಬಾಚುತ್ತಿದ್ದರು. ಬೈಗುಳವಿಲ್ಲದ ಆ ಮನೆಯಲ್ಲಿ ಅವರು ದಾರಿ ತಪ್ಪಿದವರ ಹಾಗೆ ಓಡಾಡುತ್ತಿದ್ದರು. ನನಗಂತೂ ಇನ್ನು ಇಬ್ಬರೂ ಹೀಗೇ ಮುಗಿಯುತ್ತಾರೆ ಅನ್ನಿಸಿಬಿಟ್ಟಿತ್ತು.

ಮುಂದಿನ ಸಲ ಹೋದಾಗ ಮಂಚದ ಮೇಲೆ, ಚಿಕ್ಕಮ್ಮನ ಮುಂದೆ, ಒಂದು ಮಣೆ ಇತ್ತು. ಅವರಿಗೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದ್ದರು. ಮಣೆಯ ಮೇಲೆ ಅಂಗೈಯಗಲದ ಮರದ ತುಂಡುಗಳು, ಮೂಲೆಗಳನ್ನು ಉಜ್ಜಿ ನುಣುಪು ಮಾಡಿದ್ದರು. ಒಂದು ತುಂಡನ್ನು ಚಿಕ್ಕಮ್ಮನ ಬಲ ಅಂಗೈಯಲ್ಲಿಟ್ಟು ಬೆರಳು ಮಡಿಸಿದ್ದರು. ಉಳಿದವನ್ನು ಚಿಕ್ಕಪ್ಪ ತಾವೇ ಜೋಡಿಸುತ್ತಿದ್ದರು. ನಾನು ಬಗ್ಗಿ ನೋಡಿದೆ. ಎಲ್ಲ ತಪ್ಪು ತಪ್ಪಾಗಿ! ಚೌಕದ ಮೂಲೆಗೆ ಬರಬೇಕಾದ್ದನ್ನು ನಡುವಿಗೆ ಇಟ್ಟಿದ್ದರು. ಸಣ್ಣ ಮಗುವೂ ಮಾಡಬಹುದಾದ್ದನ್ನು ಕೆಡಿಸಿ, ತೆಗೆದು, ಮತ್ತೆ ಕೆಡಿಸಿ ಇಡುತ್ತಿದ್ದರು.

"ಚಿಕ್ಕಪ್ಪ, ಅದು ಅಲ್ಲಿಗಲ್ವಲ್ಲ..."

"ಸುಮ್ನಿರವ್ವ" ಎಂದು ಪಿಸುಗುಟ್ಟಿದರು. "ಗೊತ್ತೈತೆ."

ಆಮೇಲೆ ಜೋರಾಗಿ, "ನಂಗ್ಯಾಕೋ ಇದು ಬರ್ತಾನೇ ಇಲ್ಲ ಕಣೇ. ನಿನ್ನ ಕೈಲಿರೋದು ಎಲ್ಲಿಗೆ ಹೇಳು?" ಎಂದು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು ಕೂತರು. ಮಣೆಯ ನಡುವೆ ಒಂದು ತೂತು ಬಾಯಿ ಬಿಟ್ಟುಕೊಂಡಿತ್ತು. ಆ ತೂತನ್ನು ನೋಡಿಕೊಂಡು ಸುಮ್ಮನೆ ಕೂರುವುದು ಆ ಮನುಷ್ಯನಿಗೆ ಎಂಥ ಹಿಂಸೆಯೆಂದು ನನಗೆ ಗೊತ್ತಿತ್ತು. ದಿನವೂ ಹೀಗೇ ಕೂರುತ್ತಾರೆಂದು ಪಕ್ಕದ ಮನೆಯಾಕೆ ಆಮೇಲೆ ಹೇಳಿದಳು.

ಚಿಕ್ಕಮ್ಮ ಮಣೆಯನ್ನು ನೋಡಿದರು. ಗಂಡನನ್ನು ನೋಡಿದರು. ಮತ್ತೆ ಮಣೆಯನ್ನು ನೋಡಿದರು. ಸೊಟ್ಟಗಾಗಿದ್ದ ಆ ತುಟಿ ಅಲುಗಾಡಿತು. ಹುಬ್ಬು ಗಂಟಿಕ್ಕಿತು. ನನಗೆ ಬಹಳ ಹಿಂದಿನಿಂದ ಗುರುತಿದ್ದ ಸಿಟ್ಟು ಅದು! ಮುಖ ಕೆಂಪಾಗಿ, ಗಂಟಲಿನಿಂದ ಏನೋ ಒಂದು ಶಬ್ದ ಹೊರಟು, ಬಲಗೈ ಮಣೆಯಿಂದ ನಾಲ್ಕು ಬೆರಳಷ್ಟು ಮೇಲೆದ್ದಿತು. ತುಂಡು ಹಾರಿತು. ಹಾರಿತು ಅನ್ನುವುದಕ್ಕಿಂತ ಜಾರಿತು ಅನ್ನಬೇಕು. ಆದರೆ ಗುರಿಯಿಟ್ಟದ್ದು ಯಾರ ಕಡೆಗೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಚಿಕ್ಕಪ್ಪನ ಮೊಣಕಾಲಿಗೆ ತಾಕಿ ನೆಲಕ್ಕೆ ಬಿತ್ತು.

ಚಿಕ್ಕಪ್ಪ ಬಗ್ಗಿ ಅದನ್ನು ಎತ್ತಿಕೊಂಡರು. ಪಂಚೆಯಲ್ಲಿ ಒರೆಸಿ, ಹೆಂಡತಿಯ ಅಂಗೈಯಲ್ಲಿಟ್ಟು, ಒಂದೊಂದೇ ಬೆರಳು ಮಡಿಸಿದರು. ಅವರ ಕನ್ನಡಕದೊಳಗೆ ನೀರು ನಿಂತಿತ್ತು.

"ಇನ್ನೊಂದ್ಸಲ ಹೊಡಿಯೇ" ಎಂದರು.