ಪರೀಕ್ಷೆ ಹೆಂಡತಿಗೆ, ಬೆವರು ಮಾಸ್ತರಿಗೆ

“ಎರಡು ಮಕ್ಕಳನ್ನ ಮೂರು ತಾಸು ನೋಡಕೊಳ್ಳೋದು ಒಂದು ಕೆಲಸ ಏನು? ದಿನಾ ಇನ್ನೂರು ಹುಡುಗರನ್ನ ಒಂದ ಸೀಟಿ ಮ್ಯಾಲೆ ನಿಲ್ಲಸಾಂವ ನಾ!”

ಕೊಪ್ಪಳದ ಪರೀಕ್ಷಾ ಕೇಂದ್ರವೊಂದರ ಗೇಟಿನ ಮುಂದೆ ನಿಂತು, ಎದೆಯುಬ್ಬಿಸಿ, ಕೊರಳಲ್ಲಿ ಜೋತಾಡುವ ಸೀಟಿಯನ್ನು ಸವರುತ್ತಾ ಹೊಳಿಯಪ್ಪ ಮಾಸ್ತರ ಹೀಗೆ ಘೋಷಿಸಿದ. ಅಳವಂಡಿ ಕಡೆಯ ಸರ್ಕಾರಿ ಶಾಲೆಯೊಂದರಲ್ಲಿ ಅವನು ದೈಹಿಕ ಶಿಕ್ಷಕ. ಹೆಂಡತಿ ಸುರೇಖಾ ಹಾಲ್ ಟಿಕೆಟ್ಟು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಎಂಟು ವರ್ಷ ಅಂಗನವಾಡಿಯಲ್ಲಿ ಊರ ಮಕ್ಕಳ ಮೂಗು ಒರೆಸಿದವಳಿಗೆ ಮೇಲ್ವಿಚಾರಕಿಯಾಗುವ ಆಸೆ. ವಯಸ್ಸಿನ ಮಿತಿ ಹತ್ತಿರ ಬಂದಿತ್ತು. ಇದೇ ಕೊನೆಯ ಪರೀಕ್ಷೆ.

“ನಿಮ್ಮ ಇನ್ನೂರು ಮಂದಿ ಬ್ಯಾರೆ, ನಮ್ಮ ಪ್ರಭು ಬ್ಯಾರೆ. ಕಣ್ಣು ಮುಚ್ಚಿ ತೆಗಿಯೋದ್ರಾಗ ಮಾಯ ಆಗ್ತಾನ್ರಿ.”

“ನೀ ಹೋಗಿ ಛಲೋತ್ನಂಗ ಬರಿ. ಮಕ್ಕಳು ನನ್ನ ಖಾತೆ!”

ಗೇಟಿನ ಎದುರಿನ ಬೇವಿನ ಮರದ ಕೆಳಗೆ ಗಂಡಂದಿರ ಮಹಾಸಭೆಯೇ ನೆರೆದಿತ್ತು! ಒಬ್ಬ ಟೊಂಗೆಗೆ ಸೀರೆ ಕಟ್ಟಿ ಕೂಸು ತೂಗುತ್ತಿದ್ದ, ಇನ್ನೊಬ್ಬ ಹಾಲಿನ ಬಾಟಲಿಯನ್ನು ತಲೆಕೆಳಗು ಹಿಡಿದು ಒದ್ದಾಡುತ್ತಿದ್ದ. ಮಾಸ್ತರ ಮಾತ್ರ ಐದು ವರ್ಷದ ಅನ್ನಪೂರ್ಣಾಳನ್ನೂ ಮೂರು ವರ್ಷದ ಪ್ರಭುರಾಜನನ್ನೂ ಕಲ್ಲುಬೆಂಚಿನ ಮೇಲೆ ಕೂರಿಸಿ ಸಂವಿಧಾನ ಓದಿದ.

“ಯಾರೂ ಏಳಬಾರದು. ಕೇಳದ ಮಾತಾಡಬಾರದು. ಏನರ ಹೇಳೋದಿದ್ರ ಕೈ ಎತ್ತಬೇಕು. ಸೀಟಿ ಕೇಳಿದ್ರ ಎಲ್ಲಿದ್ರೂ ಓಡಿ ಬರಬೇಕು. ತಿಳೀತೇನು?”

ಇಬ್ಬರೂ ತಲೆಯಾಡಿಸಿದರು. ಪವಾಡ! ಅರ್ಧ ತಾಸು ಅಲುಗಲಿಲ್ಲ. ಗಂಗಾವತಿಯಿಂದ ಹೆಂಡತಿಯನ್ನು ಕರೆತಂದಿದ್ದ ಮುರ್ತುಜಾಸಾಬ ತನ್ನ ಮಗನನ್ನು ಹೆಗಲ ಮೇಲೆ ಹೊತ್ತು ಬೆರಗಾಗಿ ಬಂದ.

“ಏನು ಜಾದೂ ಮಾಡೀರಿ ಮಾಸ್ತರ? ನಮ್ಮಾಂವ ಒಂದು ಮಿನಿಟ್ ಕುಂದರಂಗಿಲ್ರಿ.”

ಅಷ್ಟು ಸಾಕಾಗಿತ್ತು. ಮಾಸ್ತರ ಬೆಂಚಿಗೆ ಬೆನ್ನು ಮಾಡಿ ನಿಂತು ಶಿಸ್ತಿನ ಬಗ್ಗೆ ಉಪನ್ಯಾಸ ಶುರುವಿಟ್ಟ. ಹತ್ತು ನಿಮಿಷದ ಉಪನ್ಯಾಸ ಒಂದೂವರೆ ತಾಸಿಗೆ ಹಿಗ್ಗಿತು. ನಡುವೆ ಹಿಂದಿನಿಂದ ಸಣ್ಣ ದನಿ ಬಂತು.

“ಅಪ್ಪಾ…”

“ದೊಡ್ಡವರು ಮಾತಾಡುವಾಗ ನಡುವ ಬಾಯಿ ಹಾಕಬಾರದು!”

ಮಗಳು ಬಾಯಿ ಮುಚ್ಚಿ ಕೈ ಎತ್ತಿದಳು. ಮಾಸ್ತರ ಓರೆಗಣ್ಣಿನಲ್ಲಿ ನೋಡಿ ಬೀಗಿದ. “ನೋಡ್ರಿ ಸಾಹೇಬ್ರ, ಹೆಂಗ ಕೈ ಎತ್ತಿ ಕುಂತಾಳ! ಇದಕ್ಕ ಟ್ರೇನಿಂಗ್ ಅಂತಾರ.”

“ಖರೇನ್ರಿ,” ಎಂದ ಮುರ್ತುಜಾಸಾಬ ಬಗ್ಗಿ ನೋಡಿ. “ಆದ್ರ ಆ ಸಣ್ಣ ಟ್ರೇನಿಂಗ್ ಎಲ್ಲಿ ಹೋತ್ರಿ?”

ಮಾಸ್ತರ ಗಿರಕ್ಕನೆ ತಿರುಗಿದ. ಬೆಂಚಿನ ಮೇಲೆ ಒಂದು ಎತ್ತಿದ ಕೈ. ಪಕ್ಕದಲ್ಲಿ ಬರೀ ಕಲ್ಲು!

ಇತ್ತ ಭತ್ತದ ಲಾರಿಗಳು ಬುಸುಗುಡುತ್ತಾ ಓಡುವ ರಸ್ತೆ, ಅತ್ತ ಬಾಯ್ತೆರೆದ ಚರಂಡಿ. ಮಾಸ್ತರ ಆಟೋಗಳ ಅಡಿಯಲ್ಲಿ ಬಗ್ಗಿ ನೋಡಿದ, ಎಳನೀರಿನ ಗಾಡಿಯ ಹಿಂದೆ ಹುಡುಕಿದ, ಚರಂಡಿಗೆ ಇಣುಕಲು ಹೋಗಿ ಧೈರ್ಯ ಸಾಲದೆ ಕಣ್ಣು ಮುಚ್ಚಿ ಇಣುಕಿದ. “ಪ್ರಭೂ!” ಎನ್ನಲು ಹೋದರೆ ಗಂಟಲಿನಿಂದ ಬರೀ ಗಾಳಿ ಬಂತು. ಆ ಗಾಳಿಯನ್ನೆಲ್ಲ ಸೀಟಿಗೆ ತುಂಬಿದ.

ಪೀ…ಈ…ಈ!

ಅಯ್ಯೋ ದೇವರೇ! ಬೇವಿನ ಮರದ ಕೆಳಗಿದ್ದ ಹದಿನಾಲ್ಕು ಮಕ್ಕಳು ಓಡೋಡಿ ಬಂದು ಮಾಸ್ತರನ ಮುಂದೆ ನಿಂತವು. ಮುರ್ತುಜಾಸಾಬನ ಮಗ ಹೆಗಲಿನಿಂದ ಜಾರಿ ಬಂದು ಸಲಾಮು ಬೇರೆ ಹೊಡೆದ! ಬಾರದೆ ಉಳಿದವನು ಪ್ರಭುರಾಜ ಒಬ್ಬನೇ. ಒಳಗೆ ಪರೀಕ್ಷಾ ಕೋಣೆಗಳಲ್ಲಿ “ಟೈಮ್ ಮುಗೀತೇನ್ರಿ?” “ಇನ್ನೂ ಮುಕ್ಕಾಲು ತಾಸು ಐತಲ್ರಿ!” ಎಂಬ ಹಾಹಾಕಾರ ಎದ್ದಿತು.

ಮಹಿಳಾ ಪೇದೆಯೊಬ್ಬಳು ಲಾಠಿ ಸಮೇತ ಧಾವಿಸಿದಳು. “ಯಾರ್ರಿ ಸೀಟಿ ಊದಿದವ್ರು? ಕಾಪಿ ಹೊಡಿಯಾಕ ಸಿಗ್ನಲ್ ಏನು?”

“ಮಗ… ನನ್ನ ಮಗ ಕಳದಾನ್ರಿ…”

ಅವಳ ಮುಖ ಮೆತ್ತಗಾಯಿತು. “ಅಂಗಿ ಬಣ್ಣ ಯಾವುದ್ರಿ?”

ಇನ್ನೂರು ಹುಡುಗರ ಹಾಜರಿಯನ್ನು ಬಾಯಿಪಾಠ ಹೇಳುವ ಮಾಸ್ತರನಿಗೆ ಮಗನ ಅಂಗಿ ನೆನಪಾಗಲಿಲ್ಲ! “ಹಸಿರಂಗಿ, ಕರೇ ಚಡ್ಡಿ,” ಎಂದ ಮುರ್ತುಜಾಸಾಬ. ಪೇದೆ ರಸ್ತೆಯ ಕಡೆ ಓಡಿದಳು. ಅನ್ನಪೂರ್ಣಾ ಈಗ ಎರಡೂ ಕೈ ಎತ್ತಿದ್ದಳು.

“ನೀ ಸುಮ್ನ ಕುಂದರು! ನೀನೂ ಕಳದ್ರ ನಿಮ್ಮವ್ವಗ ಏನು ಹೇಳ್ಲಿ?” ಎನ್ನುವಾಗ ಮಾಸ್ತರನ ಕಣ್ಣಲ್ಲಿ ನೀರು ಬಂದೇಬಿಟ್ಟಿತು.

ಬಸ್ ನಿಲ್ದಾಣದ ತನಕ ಹುಡುಕಿ ಬಂದ ಮುರ್ತುಜಾಸಾಬ ಬರಿಗೈ ಆಡಿಸಿದ. ಮಧ್ಯಾಹ್ನ ಒಂದಕ್ಕೆ ಪರೀಕ್ಷೆ ಮುಗಿದ ಗಂಟೆ ಬಡಿಯಿತು. ಮಾಸ್ತರ ಗೇಟಿನ ಕಂಬಿ ಹಿಡಿದು ನಿಂತ. ಹೆಂಗಸರ ಹಿಂಡು ಹೊರಬಂತು. ಅದರ ನಡುವೆ ಸುರೇಖಾ. ಅವಳ ಕಂಕುಳಲ್ಲಿ, ಗಲ್ಲದ ತುಂಬ ಮಂಡಕ್ಕಿ ಮೆತ್ತಿಕೊಂಡು, ಪ್ರಭುರಾಜ!

ಮಾಸ್ತರ ಮಗನನ್ನು ಕಸಿದು ಅಪ್ಪಿಕೊಂಡ. ಹಿಂದೆಯೇ ಬಂದ, ಪರೀಕ್ಷೆ ನಡೆದ ಶಾಲೆಯ ಆಯಾ ಇಮಾಮಬಾನು ಹೇಳಿದಳು: “ಅವ್ವಾ ಅವ್ವಾ ಅನಕೋತ ಕಿಟಕಿ ಕಿಟಕಿ ಇಣುಕಾಕತ್ತಿದ್ದ. ನನ್ನ ಚಾಪಿ ಮ್ಯಾಲೆ ಕುಂದರಿಸಿ ಮಂಡಕ್ಕಿ ಕೊಟ್ಟೆ. ಗಂಟಿ ಆಗೂತನಕ ನಾ ಹೊರಗ ಬರೂ ಹಂಗಿರಲಿಲ್ರಿ. ಭಾಳ ಶಾಣ್ಯಾ, ಪಿಟ್ ಅನ್ನಲಿಲ್ಲ.”

“ಕಿಟಕಿಯಾಗ ಇಂವನ್ನ ಕಂಡು ನನ್ನ ಜೀವ ಹೌಹಾರಿತ್ರಿ,” ಎಂದಳು ಸುರೇಖಾ. “ಆಮ್ಯಾಲೆ ವಿಚಾರ ಮಾಡಿದ್ನಿ, ನಿಮ್ಮ ಹಂತ್ಯಾಕ ಇರೋದಕ್ಕಿಂತ ಇಲ್ಲೇ ಭದ್ರ ಅದಾನ ಅಂತ.”

“ಪ್ರಭು ಗೇಟಿನ ಕಂಬಿ ಒಳಗ ತೂರಿ ಹೋದಾಗ ನಾ ನೋಡೀನವ್ವಾ,” ಅನ್ನಪೂರ್ಣಾ ಕೈ ಇಳಿಸದೆಯೇ ಹೇಳಿದಳು. “ಹೇಳಾಕ ಹೋದ್ರ ಅಪ್ಪ ಬಿಡಲಿಲ್ಲ.”

ಮುರ್ತುಜಾಸಾಬ ಮೆಲ್ಲಗೆ ಅತ್ತ ಮುಖ ತಿರುಗಿಸಿದ. ಮಾಸ್ತರ ಮಾತು ಬದಲಿಸಲು ಕೆಮ್ಮಿದ. “ಪೇಪರ್… ಪೇಪರ್ ಹೆಂಗಾತು?”

“ಕಡೀ ಪ್ರಶ್ನೆ ಏನಿತ್ತು ಗೊತ್ತೇನ್ರಿ? ‘ಜನದಟ್ಟಣೆಯ ಸ್ಥಳದಲ್ಲಿ ಮಕ್ಕಳ ಸುರಕ್ಷತೆಗೆ ಪಾಲಕರು ವಹಿಸಬೇಕಾದ ಎಚ್ಚರಿಕೆಗಳನ್ನು ಉದಾಹರಣೆ ಸಹಿತ ಬರೆಯಿರಿ.’ ಎಚ್ಚರಿಕಿ ಎಲ್ಲಾ ಬರದು, ಉದಾಹರಣಿಗೆ ತಲಿ ಕೆರಕೋತ ಕುಂತಿದ್ನಿ. ಅಷ್ಟರಾಗ ಹೊರಗ ನಿಮ್ಮ ಸೀಟಿ ಕೇಳ್ತು ನೋಡ್ರಿ! ಎರಡು ಹೆಚ್ಚುವರಿ ಹಾಳಿ ಇಸಕೊಂಡೆ!”

ಮಾಸ್ತರ ಬೆಚ್ಚಿಬಿದ್ದ. “ನನ್ನ ಹೆಸರು ಬರದಿ?”

“ಹೆಸರು ಬರದ್ರ ಪೇಪರ್ ರದ್ದು ಮಾಡ್ತಾರ್ರಿ,” ಎಂದಳು ಸುರೇಖಾ. “‘ಒಬ್ಬ ದೈಹಿಕ ಶಿಕ್ಷಕ’ ಅಂತ ಅಷ್ಟ ಬರದೀನಿ.”