ಕೌರವನ ವೈಫೈ

ಸಂಜೆಯ ಆಫೀಸ್ ಮೀಟಿಂಗಿಗೆ "ನೆಟ್ ಇಲ್ಲ ಸರ್" ಎಂದು ಬೆಳಿಗ್ಗೆಯೇ ಸುಳ್ಳು ಹೇಳಿ ತಪ್ಪಿಸಿಕೊಂಡಿದ್ದ ವಿಷ್ಣುಪ್ರಸಾದನಿಗೆ, ಸಂಜೆ ನೆಟ್ ನಿಜವಾಗಿಯೂ ಹೋಯಿತು.

ಗೊಬ್ಬರದ ಕಂಪೆನಿಗಾಗಿ ಕಡಬದ ಸುತ್ತಲಿನ ಊರು ಸುತ್ತುವುದು ಅವನ ಕೆಲಸ. ಪ್ರಾಣವಿದ್ದದ್ದು ಮಾತ್ರ ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ಆಡುವ ತಾಳಮದ್ದಳೆಯಲ್ಲಿ. ವರ್ಷಗಟ್ಟಲೆ ದೂತನ ಪಾತ್ರದ ಅರ್ಥ ಹೇಳಿದವನಿಗೆ ಅಂದು ಮೊದಲ ಸಲ ಕೌರವ ಸಿಕ್ಕಿದ್ದ. ಅದೂ ಮಸ್ಕತ್‌ನವರೂ ಕೇಳುವ ಆನ್‌ಲೈನ್ ಕೂಟದಲ್ಲಿ! ಪಾಂಡವರಿಗೆ ಐದು ಗ್ರಾಮವಾದರೂ ಕೊಡು ಎಂದು ಕೃಷ್ಣ ಕೇಳಿದೊಡನೆ ಸಿಡಿಯಬೇಕು. ಸಿಡಿಯಲು ಲ್ಯಾಪ್‌ಟಾಪಿಗೆ ವೈಫೈಯೇ ಸಿಗುತ್ತಿಲ್ಲ.

"ಆ ಡಬ್ಬಿ ಬಿಸಿ ಆಗಿದೆ ಮಾರಾಯ," ಎಂದು ಪಕ್ಕದ ಮನೆಯ ಕುಮುದಿನಿ ಅಕ್ಕ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು ಬಂದು, ಬಾಣಂತಿಗೆ ಬೀಸುವ ಹಾಗೆ ರೂಟರಿಗೆ ಗಾಳಿ ಹಾಕತೊಡಗಿದರು.

"ಗಾಳಿ ಅಲ್ಲ ಅಕ್ಕ, ಎತ್ತರ ಬೇಕು ಅದಕ್ಕೆ," ಎಂದರು ಎದುರುಮನೆಯ ಪೋಕರ್. ರೂಟರನ್ನು ಫ್ರಿಜ್ಜಿನ ತಲೆಗೇರಿಸಿದರು. ವಯರು ಎಳೆದ ರಭಸಕ್ಕೆ ಮೇಲಿದ್ದ ಮೊಸರಿನ ಪಾತ್ರೆ ಮಗುಚಿ, ಕೆಳಗೆ ನಿಂತಿದ್ದ ಕೌರವನಿಗೆ ಪಟ್ಟಾಭಿಷೇಕವೇ ಆಯಿತು.

ಅಷ್ಟರಲ್ಲಿ ಮೊಬೈಲ್ ಅಂಗಡಿಯ ಹಕೀಮ್ ಬಂದು ಲ್ಯಾಪ್‌ಟಾಪ್ ನೋಡಿದ. "ಎಂತ ಪ್ರಸಾದಣ್ಣ, ಏರೋಪ್ಲೇನ್ ಮೋಡ್ ಆನ್ ಉಂಟಲ್ಲ!"

"ಏರೋಪ್ಲೇನಾ? ಯಾರು ಹೋಗುದು?" ಕುಮುದಿನಿ ಅಕ್ಕನಿಗೆ ಗಾಬರಿ.

ಹಕೀಮ್ ಒಂದು ಗುಂಡಿ ಒತ್ತಿದ. ನೆಟ್ ಬಂತು. "ಮೀಟಿಂಗ್ ಶುರುವಾಗಿದೆ ಅಂತ ಬಂತು ಅಣ್ಣ, ನಿಮ್ಮನ್ನು ಒಳಗೆ ಸೇರಿಸಿದೆ. ಮಾತಾಡಿ!"

ವಿಷ್ಣುಪ್ರಸಾದ ಕಣ್ಣಿಗಿಳಿದ ಮೊಸರು ಒರೆಸಿಕೊಳ್ಳುತ್ತಲೇ ಕಿವಿಗೊಟ್ಟ. ತುಂಡುತುಂಡಾಗಿ ಒಂದು ದನಿ ಬಂತು: "...ವಿಷ್ಣು... ಐದು ಗ್ರಾಮ... ಬಿಟ್ಟುಕೊಟ್ಟರೆ..."

ಕೌರವ ಕಣ್ಣುಮುಚ್ಚಿ ಗುಡುಗಿದ: "ಐದು ಗ್ರಾಮವೇ? ಸೂಜಿಯ ಮೊನೆ ಊರುವಷ್ಟು ನೆಲವನ್ನೂ ಬಿಡುವವನಲ್ಲ ನಾನು! ಈ ಸೀಮೆಯ ಮೂಲೆ ಮೂಲೆಯೂ ನನ್ನದು! ತಾಕತ್ತಿದ್ದವರು ಬಂದು ಕಸಿದುಕೊಳ್ಳಲಿ!"

ಬೀಸಣಿಗೆ ನಿಂತಿತು. ಲ್ಯಾಪ್‌ಟಾಪಿನಿಂದ ಚಪ್ಪಾಳೆ ಕೇಳಿತು. ಆಮೇಲೆ ಸ್ಪಷ್ಟವಾಗಿ ಕೇಳಿದ್ದು ಅವನ ಮ್ಯಾನೇಜರರ ದನಿ.

"ಭೇಷ್ ವಿಷ್ಣುಪ್ರಸಾದ್! ನೆಟ್ ಇಲ್ಲದಿದ್ದರೂ ಹೇಗೋ ಬಂದಿರಿ. ನಿಮಗೆ ಕೆಲಸ ಹೆಚ್ಚಾಯಿತಲ್ಲ, ಐದು ಗ್ರಾಮ ಬಿಟ್ಟುಕೊಟ್ಟರೆ ಹೇಗೆ ಅಂತ ಕೇಳಿದರೆ ಇಂಥ ಉತ್ಸಾಹ! ಇಲ್ಲಿ ಉಳಿದವರು ತಮಗಿದ್ದ ಊರುಗಳೇ ಬೇಡ ಅಂತಿದ್ದಾರೆ. ಕೊಯಿಲದಿಂದ ಈಶ್ವರಮಂಗಲದವರೆಗೆ ಇನ್ನು ಎಲ್ಲ ನಿಮಗೇ. ಭಾನುವಾರವೂ ತಿರುಗಬೇಕಾದೀತು, ಅಷ್ಟೆ."

ಅದು ನನ್ನ ಮಾತಲ್ಲ ಸರ್, ಕೌರವನದು ಎನ್ನಲು ವಿಷ್ಣುಪ್ರಸಾದ ಬಾಯಿ ತೆರೆದ. ಹೇಳಿದರೆ ತಾಳಮದ್ದಳೆಗಾಗಿ ಸುಳ್ಳು ಹೇಳಿದ ಗುಟ್ಟು ಹೊರಬೀಳುತ್ತದೆ. ಮುಚ್ಚಿದ.

"ಎಂತ ಆಯ್ತು ಅಣ್ಣ, ಗೆದ್ದಿರಾ?" ಹಕೀಮ್ ಕೇಳಿದ.

"ಗೆದ್ದೆ ಮಾರಾಯ," ವಿಷ್ಣುಪ್ರಸಾದ ತಲೆಯ ಮೊಸರು ಒರೆಸಿಕೊಂಡ. "ರಾಜ್ಯ ಪೂರಾ ನನಗೇ ಬಂತು."